ವಾಗಾನ್‌ನ ಬಲತೋಳು

ವಾಗಾನ್ ಫಾಯ್ ಬಾಗಿಲಲ್ಲಿ ಬಂದು ನಿಂತಾಗ ಹೊರಗಿನ ಬೆಳಕೆಲ್ಲ ಅವನ ಬೆನ್ನ ಹಿಂದೆಯೇ ಉಳಿಯಿತು. ಅಂಥ ಆಳು. ಬರುವ ಭಾನುವಾರ ಡಕಾರ್‌ನ ದೊಡ್ಡ ಅಖಾಡದಲ್ಲಿ ಅವನ ಕುಸ್ತಿ ಇದೆಯೆಂದು ಊರ ಗೋಡೆಗಳ ಮೇಲೆಲ್ಲ ಅವನ ಮುಖ ಅಂಟಿಸಿದ್ದರು. ಗೋಡೆಯ ಮೇಲಿನ ವಾಗಾನ್ ಹಲ್ಲು ಕಡಿಯುತ್ತಿದ್ದ. ಸ್ಕ್ಯಾನಿಂಗ್ ಕೇಂದ್ರಕ್ಕೆ ಬಂದ ವಾಗಾನ್ ಮಾತ್ರ ಬಲಗೈಯನ್ನು ಎಡಗೈಯಲ್ಲಿ ಆತುಕೊಂಡು, ನಿದ್ದೆಹೋದ ಕೂಸನ್ನು ಎತ್ತಿಕೊಂಡವನ ಹಾಗೆ ಹೆಜ್ಜೆಯಿಡುತ್ತಿದ್ದ. ಹಿಂದೆಯೇ ಅವನ ಸೋದರಮಾವ ಲಾತಿರ್ ಸೆನ್, ಅವನನ್ನು ಸಾಕಿ ತಿದ್ದಿ ಅಖಾಡಕ್ಕೆ ಇಳಿಸಿದವನು, ಆಚೆ ಈಚೆ ನೋಡುತ್ತ ಒಳಗೆ ಬಂದ. ಕುಸ್ತಿಯವನ ಗಾಯ ಎದುರಾಳಿಯ ಕಿವಿಗೆ ಬೀಳಬಾರದು. ಬಿದ್ದರೆ ಎದುರಾಳಿ ಅದೇ ತೋಳಿಗೆ ಕೈ ಹಾಕುತ್ತಾನೆ. ಅವನ ಮಂತ್ರವಾದಿಯೂ ಅದೇ ತೋಳಿಗೆ ಕೈ ಹಾಕುತ್ತಾನೆ. ಮೊದಲನೆಯದಕ್ಕಿಂತ ಎರಡನೆಯದಕ್ಕೇ ಲಾತಿರ್‌ಗೆ ಹೆಚ್ಚು ಭಯ.

ಅಲ್ಲಿ ಸ್ಕ್ಯಾನ್ ಮಾಡಿ ನೋಡಿ ಹೇಳುವ ಡಾಕ್ಟರು ಒಡಿಲ್ ಸಾಂಬು ಎಂಬ ಹೆಂಗಸು. ಬಾಗಿಲ ಮೇಲಿನ ಆ ಹೆಸರು ಓದಿದ್ದೇ ವಾಗಾನ್‌ನ ಮುಖ ಅರಳಿತು.

“ಅಯ್ಯೋ ಮಾವ, ಸಾಂಬು ಅಂತೆ! ಜೋಲಾ ಹೆಂಗ್ಸು! ಹೋಗಿ ಹೋಗಿ ನನ್ನ ತೋಳನ್ನ ನಮ್ಮನೆ ಆಳಿನ ಕೈಗೆ ಕೊಡ್ತೀಯಲ್ಲ!”

“ಬಾರೋ ಸಜ್ಜೆ ಮುಕ್ಕ,” ಎಂದಳು ಒಡಿಲ್, ಕಣ್ಣನ್ನೂ ಎತ್ತದೆ. “ಫಾಯ್ ಅಂತ ಹೆಸರು ನೋಡಿದಾಗ್ಲೇ ಅಂದ್ಕೊಂಡೆ, ನಮ್ಮ ಗದ್ದೆ ಬಿಟ್ಟು ಓಡ್ಹೋದ ಸೆರೆರ ವಾಪಸ್ ಬಂದ ಅಂತ. ಕೆಲಸ ತಪ್ಪಿಸ್ಕೊಳ್ಳೋಕೆ ಕೈ ಮುರ್ಕೊಂಡ್ಯಾ?”

ಲಾತಿರ್ ಕೂಡ ನಕ್ಕ. ಸೆರೆರರಿಗೂ ಜೋಲಾಗಳಿಗೂ ಇರುವ ನಂಟೇ ಅಂಥದ್ದು. ಯಾವುದೋ ಕಾಲದಲ್ಲಿ ಅಕ್ಕತಂಗಿಯರಿಬ್ಬರು ಒಂದೇ ದೋಣಿಯಲ್ಲಿ ಹೊರಟರಂತೆ; ದೋಣಿ ನಡುಮುರಿದು ಒಬ್ಬಳು ಇತ್ತ, ಒಬ್ಬಳು ಅತ್ತ ತೇಲಿಹೋದರಂತೆ. ಒಬ್ಬಳ ಮಕ್ಕಳು ಸೆರೆರರು, ಇನ್ನೊಬ್ಬಳ ಮಕ್ಕಳು ಜೋಲಾಗಳು. ಅಂದಿನಿಂದ ಇವರೂ ಅವರೂ ಎದುರಾದರೆ ಬೈಯಲೇಬೇಕು, ಬೈಸಿಕೊಂಡವರು ನಗಲೇಬೇಕು. ಸಿಟ್ಟು ಬಂದವನು ಸೋತ. ಕೇಳಿದ್ದನ್ನು ಇಲ್ಲ ಎನ್ನುವ ಹಾಗೂ ಇಲ್ಲ. ಎಷ್ಟೋ ಜಗಳ, ಎಷ್ಟೋ ಹೊಡೆದಾಟ ಈ ಕೀಟಲೆಯ ನಂಟಿನಿಂದಲೇ ತಣ್ಣಗಾಗಿವೆ. ಒಳ್ಳೆಯ ಪದ್ಧತಿಯೇ, ಯಾರೂ ಹಳಿಯುವಂತಿಲ್ಲ. ಆದರೆ ಒಲೆಯ ಬೆಂಕಿಯೂ ಒಳ್ಳೆಯದೇ, ಸೀರೆಗೆ ಹತ್ತುವ ತನಕ.

ತಿಂಗಳ ಹಿಂದೆ ತಾಲೀಮಿನಲ್ಲಿ ವಾಗಾನ್‌ನ ಭುಜ ಕೀಲು ತಪ್ಪಿತ್ತು. ಊರ ನಾಟಿವೈದ್ಯ ಕಂಕುಳಲ್ಲಿ ಹಿಮ್ಮಡಿ ಕೊಟ್ಟು ಎಳೆದು ಕೂರಿಸಿದ್ದ. ಆಮೇಲೆ ಮತ್ತೊಮ್ಮೆ ತಪ್ಪಿತು, ಮತ್ತೊಮ್ಮೆ ಕೂರಿಸಿದ. ನೋವು ಹೋಗಲಿಲ್ಲ. ಒಳಗೆ ಏನಾಗಿದೆಯೆಂದು ನೋಡಲು ಎಂಆರ್‌ಐ ಆಗಬೇಕಿತ್ತು. ಆ ಯಂತ್ರವೆಂದರೆ ದೊಡ್ಡ ಅಯಸ್ಕಾಂತ. ಮೈಮೇಲೆ ಚೂರು ಕಬ್ಬಿಣವಿದ್ದರೂ ಒಳಗೆ ಬಿಡುವಂತಿಲ್ಲ. ವಾಗಾನ್ ಸೊಂಟದ್ದು, ಕೊರಳಿನದ್ದು, ಮೊಣಕಾಲಿನದ್ದು ಎಲ್ಲ ತಾಯತಗಳನ್ನೂ ಒಂದೊಂದಾಗಿ ಬಿಚ್ಚಿ ಮಾವನ ಕೈಗೆ ಕೊಟ್ಟ. ಬಲತೋಳಿನದು ಮಾತ್ರ ಉಳಿಯಿತು. ಒಳಗೆ ಏನಿಟ್ಟಿದ್ದಾರೋ ಗೊತ್ತಾಗದಂತೆ ಕಪ್ಪು ಚರ್ಮದಲ್ಲಿ ಹೊಲಿದ, ಅಂಗೈಯಗಲದ ತಾಯತ; ಕಂಕುಳಿಗೆ ಹತ್ತಿ ಬಿಗಿಯಾಗಿ ಕೂತಿತ್ತು.

“ಅದು ಬರಲ್ಲ,” ಎಂದ ಲಾತಿರ್. ನಗು ಹೋಗಿತ್ತು. “ಸಾಲ್ತಿಗಿ ಕಟ್ಟಿದ್ದು. ಭಾನುವಾರದ ತನಕ ಬಿಚ್ಚಬಾರದು ಅಂದಿದಾರೆ.” ಸಾಲ್ತಿಗಿ ಎಂದರೆ ಶಕುನ ನೋಡುವ ಹಿರಿಯ. ಮಳೆ ಯಾವಾಗ ಎನ್ನುವುದರಿಂದ ಹಿಡಿದು ಮರಣ ಯಾವಾಗ ಎನ್ನುವ ತನಕ ಅವರ ಮಾತೇ ಮಾತು.

ಒಡಿಲ್ ಇಂಥವರನ್ನು ಬಹಳ ನೋಡಿದ್ದಳು. ವಾದಕ್ಕೆ ನಿಂತರೆ ಎದ್ದು ಹೋಗುತ್ತಾರೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಆಳಿನ ಮೈಮೇಲಿರೋದೆಲ್ಲ ಯಜಮಾನಿದು. ಯಜಮಾನಿ ಕೇಳ್ತಿದೀನಿ, ಬಿಚ್ಚು. ಬಿಚ್ಚಲಿಲ್ವೋ, ಈ ಯಂತ್ರ ತೋಳನ್ನೇ ಕಿತ್ಕೊಳ್ಳತ್ತೆ. ನಾನು ಅದನ್ನ ತಾಳೆಎಣ್ಣೇಲಿ ಬೇಯಿಸಿ ಅನ್ನಕ್ಕೆ ಕಲಸ್ಕೊಂಡು ತಿಂತೀನಿ.”

ವಾಗಾನ್ ಬಿದ್ದು ಬಿದ್ದು ನಕ್ಕ. ಜೋಲಾ ಬಾಯಿಬಿಟ್ಟು ಕೇಳಿದ ಮೇಲೆ ಸೆರೆರನಿಗೆ ದಾರಿಯಿಲ್ಲ. ಹಲ್ಲಿನಿಂದ ಗಂಟು ಸಡಿಲಿಸಿ ಬಿಚ್ಚಿಕೊಟ್ಟ. ಲಾತಿರ್ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡ. ಒಡಿಲ್‌ಗೆ ಗೆದ್ದ ಹಿಗ್ಗು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಆಡುವಾಗ ಯಾರಿಗೆ ಗೊತ್ತಿರುತ್ತದೆ?

ಗಾಜಿನ ಈಚೆ ಕೂತು ಅವಳು ಚಿತ್ರಗಳನ್ನು ಒಂದೊಂದಾಗಿ ಸರಿಸಿದಳು. ಭುಜದ ಗುಂಡು ಮೂಳೆಯ ಹಿಂಬದಿಯಲ್ಲಿ ಕಚ್ಚು ಬಿದ್ದಿತ್ತು. ಅದು ಕೂರುವ ಬಟ್ಟಲಿನ ಅಂಚು ಹರಿದು ಜೋತುಬಿದ್ದಿತ್ತು. ಕೀಲು ತಪ್ಪಿದ ಭುಜದಲ್ಲಿ ಇದೆಲ್ಲ ಇರುವಂಥದ್ದೇ. ಅವಳು ಮೈಕಿನಲ್ಲಿ, “ಒಳಗೆ ಬರೀ ಸಜ್ಜೆ ಹಿಟ್ಟು ತುಂಬಿದೆ ಕಣೋ,” ಎಂದು ಕಿಚಾಯಿಸಿದಳು. ಕೊಳವೆಯೊಳಗಿಂದ ಅವನು ನಕ್ಕ ಸದ್ದು ಬಂತು. ಆಮೇಲೆ ಅವಳು ಕಂಕುಳ ಕಡೆಯ ಚಿತ್ರಗಳಿಗೆ ಬಂದಳು, ಬಂದು ಅಲ್ಲೇ ನಿಂತಳು.

ತೋಳಿಗೆ ಹೋಗುವ ದೊಡ್ಡ ರಕ್ತನಾಳದ ಪಕ್ಕದಲ್ಲಿ ಏನೋ ಗುಂಡಗೆ ಕೂತಿತ್ತು. ಕೋಳಿಮೊಟ್ಟೆಯಷ್ಟು. ಸುತ್ತ ಕಪ್ಪು ಬಿಳಿ ಉಂಗುರಗಳು. ಇರಬಾರದ ಜಾಗದಲ್ಲಿ ಇರಬಾರದ ವಸ್ತು.

ಅವನನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿ, ಕಂಕುಳಿಗೆ ಜೆಲ್ ಹಚ್ಚಿ, ಅಲ್ಟ್ರಾಸೌಂಡ್ ಇಟ್ಟಳು. ಪರದೆಯ ಮೇಲೆ ಅದೇ ಗುಂಡು. ರಕ್ತದ ಓಟ ತೋರಿಸುವ ಗುಂಡಿ ಒತ್ತಿದಾಗ ಅದರೊಳಗೆ ಕೆಂಪೂ ನೀಲಿಯೂ ಒಂದನ್ನೊಂದು ಅಟ್ಟಿಸಿಕೊಂಡು ಗಿರಗಿರ ಸುತ್ತಿದವು. ನಾಳದ ಗೋಡೆ ಹರಿದಿತ್ತು. ಹರುಕಿನಿಂದ ನುಗ್ಗಿದ ರಕ್ತ ಹೊರಗೆ ತೆಳ್ಳನೆಯ ಚೀಲ ಕಟ್ಟಿಕೊಂಡು, ಎದೆ ಬಡಿದಾಗಲೆಲ್ಲ ಉಬ್ಬುತ್ತಿತ್ತು, ಹಳೆಯ ಸೈಕಲ್ ಟ್ಯೂಬು ಒಂದೇ ಕಡೆ ಉಬ್ಬುವ ಹಾಗೆ. ಒಂದು ಜೋರಾದ ಎಳೆತ ಬಿದ್ದರೆ ಮುಗಿಯಿತು.

“ಚೆನ್ನಾಗಿದೆಯಲ್ಲ ಬಣ್ಣ!” ಎಂದ ವಾಗಾನ್. “ಅಲ್ಲಿ ಡಬ್ ಡಬ್ ಅನ್ನತ್ತೆ, ಗೊತ್ತು ನಂಗೆ. ತೋಳಿನ ಬಲವೆಲ್ಲ ಒಂದು ಕಡೆ ಕೂಡ್ತಿದೆ ಅಂತ ಸಾಲ್ತಿಗಿ ಹೇಳಿದ್ರು. ಅದು ಚೆಲ್ಲಿ ಹೋಗದೆ ಇರ್ಲಿ ಅಂತಾನೇ ತಾಯತ.”

“ಬೆರಳು ಜೋಮು ಹಿಡಿಯತ್ತಾ?”

“ಕುಡಿಯೋ ಲೋಟ ಬೀಳಿಸ್ದೆ ಎರಡು ಸಲ. ಆಳುಗಳಿಲ್ಲದ ಮನೇಲಿ ಹಂಗೇ.”

ಒಡಿಲ್ ಕೈ ಒರೆಸಿಕೊಂಡಳು. “ವಾಗಾನ್, ಕೇಳು. ನೀನು ಭಾನುವಾರ ಅಖಾಡಕ್ಕೆ ಇಳಿಯೋ ಹಾಗಿಲ್ಲ. ಇವತ್ತೇ ಆಪರೇಷನ್ ಆಗ್ಬೇಕು. ಇಳಿದ್ರೆ ಇದು ಒಡೆಯತ್ತೆ. ತೋಳು ಹೋಗತ್ತೆ, ತೋಳಿನ ಜೊತೆ ನೀನೂ ಹೋಗ್ತೀಯ.”

ವಾಗಾನ್ ಪರದೆಯನ್ನೊಮ್ಮೆ, ಮಾವನನ್ನೊಮ್ಮೆ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

“ಮಾವ, ಬೆಳಿಗ್ಗೆಯಿಂದ ನನ್ನ ತೋಳಿನ ಮೇಲೇ ಕಣ್ಣು ಇವಳಿಗೆ! ತಾಳೆಎಣ್ಣೆ ಕಾಯಿಸೋಕೆ ಇಟ್ಟು ಬಂದಿದಾಳೆ!”

ಲಾತಿರ್ ನಗುತ್ತಲೇ ಬೆರಳಾಡಿಸಿದ. “ಎದುರಾಳಿ ಯಾರು ಅಂತ ಗೊತ್ತಲ್ಲ ನಿಂಗೆ, ಡಾಕ್ಟರಮ್ಮ? ಅನ್ಸುಮಾನಾ ಕೋಲಿ. ನಿಮ್ಮ ಜೋಲಾ ಹುಡುಗ. ಅವನ ಕೈಲಾಗಲ್ಲ ಅಂತ ನಿನ್ನ ಕಳಿಸಿದ್ರಾ?”

ಕೋಲಿ! ಅವಳಿಗೆ ಅದು ನೆನಪೇ ಆಗಿರಲಿಲ್ಲ. ಜೋಲಾ ಡಾಕ್ಟರು, ಜೋಲಾ ಎದುರಾಳಿ, ನಡುವೆ ಒಬ್ಬ ಸೆರೆರ. ಇಂಥ ಕಡೆ ‘ನೀನು ಕುಸ್ತಿಗೆ ಇಳಿದರೆ ಸಾಯುತ್ತೀಯ’ ಎಂದರೆ ಈ ನಾಡಿನಲ್ಲಿ ಅದಕ್ಕಿಂತ ಒಳ್ಳೆಯ ಕೀಟಲೆ ಬೇರೆ ಇರಲಾರದು. ಅವಳು ಪರದೆ ತಿರುಗಿಸಿ ತೋರಿಸಿದಳು. ಗದರಿದಳು, ಬೇಡಿಕೊಂಡಳು. ಯಜಮಾನಿ ಕೇಳ್ತಿದೀನಿ ಎಂದೂ ಹೇಳಿ ನೋಡಿದಳು; ಗೆಲುವನ್ನೇ ಕೇಳುವ ಹಾಗಿಲ್ಲ ಎಂದು ಲಾತಿರ್ ಇನ್ನಷ್ಟು ನಕ್ಕ. ದನಿ ಏರಿದಷ್ಟೂ ಅವರ ನಗುವೂ ಏರಿತು. ಸಿಟ್ಟು ಬಂದವನು ಸೋತ, ಅಷ್ಟೇ. ಕೊನೆಗೆ, “ನನ್ನ ಮಾತು ಬೇಡ, ಈ ಚಿತ್ರಗಳನ್ನ ಬೇರೆ ಯಾವ ಡಾಕ್ಟರಿಗಾದ್ರೂ ತೋರಿಸಿ,” ಎಂದು ಫಿಲ್ಮುಗಳನ್ನು ಲಾತಿರ್‌ನ ಕೈಗಿಟ್ಟಳು. ಲಾತಿರ್ ಕೂಡಲೇ ಅವನ್ನು ಅಂಗಿಯೊಳಗೆ ತೂರಿಸಿಕೊಂಡ. ತೋಳಿನ ಒಳಗಿನ ಚಿತ್ರ ಇನ್ನೊಬ್ಬರ ಕಣ್ಣಿಗೆ ಬೀಳಿಸುವುದೆಂದರೆ ತೋಳನ್ನೇ ಮಾರಿದ ಹಾಗೆ ಎಂದು ನಂಬಿದವನು ಅವನು. ಊರಿಗೆ ಹೋದವನೇ ಅವನ್ನು ಉಪ್ಪುನೆಲದಲ್ಲಿ ಆಳವಾಗಿ ಹೂತುಬಿಟ್ಟ. ತಲೆ ಗಟ್ಟಿಯಿದೆಯೆಂದು ಬಂಡೆಗೆ ಹಾಯಬಾರದು. ಆದರೆ ಅವನಿಗೆ ಎದುರಿಗಿರುವುದು ಬಂಡೆಯೆಂದೇ ಕಾಣಲಿಲ್ಲ, ಪಾಪ. ಅಳಿಯನ ಮೇಲಿನ ಪ್ರೀತಿಯೇ ಅವನ ಕಣ್ಣು ಕಟ್ಟಿತ್ತು.

ರೋಗಿಯ ಗುಟ್ಟು ಬಿಡಬಾರದೆಂಬ ನಿಯಮ ಮುರಿದು ಒಡಿಲ್ ಅಖಾಡದ ವೈದ್ಯರಿಗೆ ಫೋನ್ ಮಾಡಿದಳು. ಅವರು ಲಾತಿರ್‌ನನ್ನು ವಿಚಾರಿಸಿದರು. ಅವನು ಅವರನ್ನೂ ಚೆನ್ನಾಗಿ ನಗಿಸಿದ. “ನೋಡಿ ಸಾಂಬು ಮೇಡಂ,” ಎಂದರು ಅವರು, ಆಮೇಲೆ ತಾವೇ ಫೋನ್ ಮಾಡಿ, “ಹುಡುಗ ಗಟ್ಟಿಯಾಗಿದಾನೆ, ನಾನೇ ನೋಡಿ ಸಹಿ ಹಾಕಿದೀನಿ. ಆದ್ರೂ ನೀವು ಚಿತ್ರ ಕಳಿಸಿ. ಕುಸ್ತಿ ಸಮಿತಿ ಸೋಮವಾರ ಸೇರತ್ತೆ, ಅದರ ಮುಂದೆ ಇಡ್ತೀನಿ.”

“ಕುಸ್ತಿ ಭಾನುವಾರ ಇರೋದು.”

“ಅದೂ ಸರಿ ಅನ್ನಿ,” ಎಂದು ಅವರು ನಕ್ಕರು. “ನಿಮ್ಮ ಕೋಲಿಗೆ ಧೈರ್ಯ ಹೇಳಿ.”

ಶನಿವಾರ ಬೆಳಿಗ್ಗೆ ಅವಳು ಬಸ್ಸು ಹತ್ತಿ ವಾಗಾನ್‌ನ ಊರಾದ ಫಾತಿಕ್‌ಗೆ ಹೋದಳು. ಕುಸ್ತಿಯ ಹಿಂದಿನ ದಿನ ವಾಗಾನ್ ತಾಯಿಯ ಕೈಯೂಟ ಮಾಡಿಯೇ ಹೊರಡುವುದು ರೂಢಿ. ತಾಯಿ ಹೇಳಿದರೆ ಕೇಳಿಯಾನು ಎಂಬುದೊಂದೇ ಉಳಿದಿದ್ದ ಆಸೆ. ದಾರಿಯುದ್ದಕ್ಕೂ ಅವಳಿಗೆ ಕಣ್ಣೆದುರು ಆ ಕೆಂಪು ನೀಲಿಯೇ ಸುತ್ತುತ್ತಿತ್ತು. ಈಗ ಮಲಗಿದ್ದಾನೋ, ನೀರಿನ ಬಿಂದಿಗೆ ಎತ್ತಿದನೋ, ಯಾರನ್ನೋ ತಬ್ಬಿಕೊಂಡನೋ!

ತಾಯಿ ತೆನಿಂಗ್ ಅಂಗಳದಲ್ಲಿ ಸಜ್ಜೆ ಕುಟ್ಟುತ್ತಿದ್ದಳು. ಬಂದವಳ ಹೆಸರು ಕೇಳಿದ್ದೇ ಒನಕೆ ಬಿಟ್ಟು ಚಪ್ಪಾಳೆ ತಟ್ಟಿದಳು.

“ಬನ್ರೇ, ನೋಡ್ಬನ್ರೇ! ನನ್ನ ಮಗನ ತಾಯತ ಬಿಚ್ಚಿಸಿದ ಜೋಲಾ ಡಾಕ್ಟರು ಇವಳೇ! ತಗೋ ಒನಕೆ, ಕುಟ್ಟು. ಆಳು ಬಂದ ಮೇಲೆ ಯಜಮಾನಿ ಯಾಕೆ ದುಡೀಬೇಕು?”

“ಅಮ್ಮಾ, ನಾನು ತಮಾಷೆಗೆ ಬಂದಿಲ್ಲ.”

“ಜೋಲಾ ಹೆಂಗ್ಸು ತಮಾಷೆಗೆ ಬಂದಿಲ್ವಂತೆ!” ಬೇಲಿಯಾಚೆಯ ಹೆಂಗಸರಿಗೆಲ್ಲ ಕೇಳುವಂತೆ ಕೂಗಿದಳು ತೆನಿಂಗ್. “ಇದಕ್ಕಿಂತ ದೊಡ್ಡ ತಮಾಷೆ ಉಂಟಾ?”

ಪುಂಡಿ ಹೂವಿನ ಕೆಂಪು ಪಾನಕ ಬಂತು. ಚಾಪೆ ಬಂತು. ನೆರೆಯ ಹೆಂಗಸರು ಬಂದರು. ಒಡಿಲ್ ಚಾಪೆಯ ಮೇಲೆ ಕೂತು ತೆನಿಂಗ್‌ಳ ಎರಡೂ ಕೈ ಹಿಡಿದುಕೊಂಡಳು. ರಕ್ತದ ಚೀಲದ ಕತೆಯನ್ನು ಒಂದು ಹಾಸ್ಯದ ಮಾತೂ ಬೆರೆಸದೆ ಹೇಳಿದಳು. ಹೇಳುತ್ತ ಹೇಳುತ್ತ ಅಳು ಬಂತು. ಹೆಂಗಸರು ಬಿದ್ದು ಬಿದ್ದು ನಕ್ಕರು. “ಎಷ್ಟು ಚೆನ್ನಾಗಿ ಅಳ್ತಾಳೆ ನೋಡೇ!” ಎಂದಳು ಒಬ್ಬಳು. ತೆನಿಂಗ್ ಮಾತ್ರ ನಗುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ ಒಡಿಲ್‌ಳ ಮುಖ ದಿಟ್ಟಿಸಿದಳು. ಹಿಡಿದ ಕೈಯ ಬೆರಳುಗಳು ಬಿಗಿದವು. ಅವಳು ಏನೋ ಕೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಒಳಗಿಂದ ವಾಗಾನ್ ಬಂದ, ಜೊತೆಗೆ ಲಾತಿರ್. ತೋಳಿನ ತಾಯತ ಮೊದಲಿಗಿಂತ ಬಿಗಿಯಾಗಿತ್ತು.

“ಅಕ್ಕಾ, ಆ ಕಣ್ಣೀರನ್ನ ನಂಬಬೇಡ,” ಎಂದ ಲಾತಿರ್. “ಕೋಲಿಯ ಕಡೆಯವರು ಕಳಿಸಿರೋದು. ಕುಸ್ತಿ ನಿಲ್ಲಿಸೋಕೆ ಇವಳು ಫೋನ್ ಬೇರೆ ಮಾಡಿದ್ಲು, ಅಖಾಡದ ಡಾಕ್ಟರೇ ನಕ್ಕು ಹೇಳಿದ್ರು.”

ತೆನಿಂಗ್‌ಳ ಬೆರಳು ಸಡಿಲವಾದವು. ಅವಳು ಎಲ್ಲರಿಗಿಂತ ಜೋರಾಗಿ ನಕ್ಕು ಒಡಿಲ್‌ಳ ಕೆನ್ನೆ ತಟ್ಟಿದಳು. “ಕುಡಿ ಮಗಳೇ, ಪಾನಕ ಕುಡಿ. ಇಷ್ಟು ದೂರ ಬಂದು ಕೀಟಲೆ ಮಾಡೋರು ಈ ಕಾಲದಲ್ಲಿ ಯಾರಿದಾರೆ!”

ವಾಗಾನ್ ಬಸ್ಸಿನ ತನಕ ಬಿಡಲು ಬಂದ. ದಾರಿಯಲ್ಲಿ ಒಡಿಲ್ ನಿಂತಳು. “ಇವತ್ತಿಂದ ನಾನು ಜೋಲಾ ಅಲ್ಲ. ನೀನು ಸೆರೆರ ಅಲ್ಲ. ನಂಟು ಮುರೀತು. ಈಗ ಹೇಳ್ತೀನಿ, ಇಳೀಬೇಡ.”

ಅವನ ಮುಖದಲ್ಲಿ ಮೊದಲ ಸಲ ನಗುವಿರಲಿಲ್ಲ. ಎಡಗೈ ತಾನಾಗಿ ಕಂಕುಳಿಗೆ ಹೋಯಿತು. “ಹಂಗೆಲ್ಲ ಅನ್ನಬಾರದು,” ಎಂದ ಮೆತ್ತಗೆ. “ಅಪ್ಪ ಅಮ್ಮನ್ನ ಬಿಡಬಹುದು, ಇದನ್ನ ಬಿಡೋಕಾಗಲ್ಲ.” ಬಸ್ಸು ಬರುವ ದಾರಿ ನೋಡುತ್ತ, “ಡಾಕ್ಟರಮ್ಮ, ಊರೆಲ್ಲ ನನ್ನ ಹೆಸರು ಹಾಡ್ತಿದೆ. ಸೋಮವಾರ ಬರ್ತೀನಿ. ಸತ್ಯವಾಗಿ. ಆಗ ಕೊಯ್ಯಿ, ಬೇಯಿಸ್ಕೊಂಡು ತಿನ್ನು, ಏನಾದ್ರೂ ಮಾಡು,” ಎಂದ. ಅವನಿಗೂ ಅನುಮಾನ ಬಂದಿತ್ತು. ಆದರೆ ಆ ಅನುಮಾನವನ್ನು ಹಿಡಿದು ನಿಲ್ಲಲು ಅವನ ಸುತ್ತ ಒಬ್ಬರಾದರೂ ನಗದವರು ಬೇಕಿತ್ತಲ್ಲ.

ಭಾನುವಾರ ಅವಳು ಅಖಾಡಕ್ಕೆ ಹೋದಳು. ಹೋಗದೆ ಇರಲು ಆಗಲಿಲ್ಲ. ಡೋಲುಗಳ ಸದ್ದಿಗೆ ಮರಳೇ ಅದುರುತ್ತಿತ್ತು. ವಾಗಾನ್ ತಲೆಯ ಮೇಲೆ ಮಂತ್ರಿಸಿದ ಹಾಲು ಸುರಿದುಕೊಂಡು, ಕುಣಿಯುತ್ತ, ಬಲಗೈಯನ್ನು ಮೈಗೆ ಒತ್ತಿಕೊಂಡೇ ಬಂದ. ಜನರೆಲ್ಲ ಅದನ್ನು ಗತ್ತು ಎಂದುಕೊಂಡರು. ಕೋಲಿ ಹಾರಿ ಬಂದು ಕುತ್ತಿಗೆಗೆ ಕೈ ಹಾಕಿದ. ಇಬ್ಬರೂ ಹಣೆಗೆ ಹಣೆ ಕೊಟ್ಟು ತೂಗಾಡಿದರು. ಒಡಿಲ್ ನೋಡಿದ್ದು ಒಂದನ್ನೇ, ಆ ಕಪ್ಪು ತಾಯತವನ್ನು. ವಾಗಾನ್ ಒಮ್ಮೆಲೇ ಬಗ್ಗಿ, ಬಲತೋಳನ್ನು ಕೋಲಿಯ ತೊಡೆಯ ಕೆಳಗೆ ತೂರಿಸಿ, ಆ ಬೆಟ್ಟದಂಥ ಹುಡುಗನನ್ನು ನೆಲದಿಂದ ಕಿತ್ತು ಮೇಲೆತ್ತಿದ. ಅಖಾಡವೆಲ್ಲ ಎದ್ದು ನಿಂತಿತು. ಕೋಲಿಯ ಬೆನ್ನು ಮರಳಿಗೆ ಬಿತ್ತು.

ವಾಗಾನ್ ಗೆದ್ದ. ಬಲತೋಳು ಮೇಲೆತ್ತಲು ಹೋದ. ಅದು ಭುಜದ ಮಟ್ಟಕ್ಕೂ ಬರಲಿಲ್ಲ. ತಾಯತದ ಕೆಳಗಿಂದ ಎದೆಯ ಪಕ್ಕಕ್ಕೆ ಚರ್ಮದಡಿಯಲ್ಲಿ ಕಪ್ಪಗೆ ಏನೋ ಹರಡುತ್ತಿತ್ತು. ಅವನು ಮಂಡಿಯೂರಿದ, ಹಣೆಯನ್ನು ಮರಳಿಗೆ ಹಚ್ಚಿದ. ಜನ ಚಪ್ಪಾಳೆ ತಟ್ಟಿದರು. ನೆಲಕ್ಕೆ ನಮಿಸುತ್ತಿದ್ದಾನೆ ಎಂದರು. ಒಡಿಲ್ ಬೇಲಿ ದಾಟಿ ಓಡಿದಳು. ತಡೆಯಲು ಬಂದವರನ್ನು ತಳ್ಳಿ, ಅವನನ್ನು ಅಂಗಾತ ಮಾಡಿ, ಕೊರಳೆಲುಬಿನ ಹಿಂದೆ ಹೆಬ್ಬೆರಳುಗಳನ್ನು ಇಟ್ಟು ಮೈಭಾರವೆಲ್ಲ ಹಾಕಿ ನಾಳವನ್ನು ಒತ್ತಿದಳು. ವಾಗಾನ್ ಕಣ್ಣು ಬಿಟ್ಟ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

“ಬಂದ್ಯಾ,” ಎಂದ. “ತೋಳು... ಕೀಳೋಕೆ?”

ಅವಳು ಒತ್ತುತ್ತಲೇ ಇದ್ದಳು. ಆಂಬುಲೆನ್ಸ್‌ನಲ್ಲೂ ಒತ್ತಿದಳು. ಆಸ್ಪತ್ರೆಯ ಬಾಗಿಲಲ್ಲಿ ಯಾರೋ ಅವಳ ಕೈಗಳನ್ನು ಬಿಡಿಸಬೇಕಾಯಿತು. ಅಷ್ಟು ಹೊತ್ತಿಗೆ ಒತ್ತಿಹಿಡಿಯಲು ಒಳಗೆ ಏನೂ ಉಳಿದಿರಲಿಲ್ಲ.

ಫಾತಿಕ್‌ನಲ್ಲಿ ಮಣ್ಣು ಮಾಡಿದರು. ಸಾವಿನ ಮನೆಗೆ ಜೋಲಾಗಳು ಬರಲೇಬೇಕು, ಬಂದು ಸತ್ತವನನ್ನು ಅಣಕಿಸಲೇಬೇಕು. ಅತ್ತು ಅತ್ತು ಬತ್ತಿದವರನ್ನು ಒಂದು ಗಳಿಗೆ ನಗಿಸುವುದು ನಂಟರ ಕೆಲಸ. ಮೊದಲು ಎದ್ದವನು ಕೋಲಿ. ಕಣ್ಣು ಊದಿಕೊಂಡಿದ್ದವು. ವಾಗಾನ್ ನಡೆಯುತ್ತಿದ್ದ ಹಾಗೆ ಎದೆ ಉಬ್ಬಿಸಿ ಅಂಗಳದಲ್ಲಿ ಸುತ್ತು ಹಾಕಿ, “ಮುಂದಿನ ಸಲ ನಾನು ಗೆಲ್ತೀನಿ ಅಂತ ಗೊತ್ತಾಗಿ ಓಡ್ಹೋದ ಕಣ್ರೋ, ಹೇಡಿ ಸೆರೆರ!” ಎಂದು ಕೂಗಿದ. ಹೆಂಗಸರು ಅಳುತ್ತಲೇ ನಕ್ಕರು. ಕೋಲಿ ನಗಿಸಿ, ಬೇಲಿಯ ಹಿಂದೆ ಹೋಗಿ ಬಿಕ್ಕಿದ.

ಆಮೇಲೆ ಎಲ್ಲರ ಕಣ್ಣೂ ಒಡಿಲ್‌ಳ ಕಡೆ ತಿರುಗಿದವು. “ಡಾಕ್ಟರಮ್ಮ, ಈಗ ನಿಂದು,” ಎಂದರು. ಅವಳು ಎದ್ದು ನಿಂತಳು. ಬಾಯಲ್ಲಿ ಒಂದು ಬೈಗುಳವೂ ಹುಟ್ಟಲಿಲ್ಲ.

“ನಾನು ಹೇಳಿದ್ದೆ,” ಎಂದಳು. “ಇಳಿದ್ರೆ ಸಾಯ್ತೀಯ ಅಂತ ಹೇಳಿದ್ದೆ. ಅವನು ಕೇಳ್ಲಿಲ್ಲ.”

ಅಂಗಳವೆಲ್ಲ ನಗೆಯೆದ್ದಿತು. “ಹೇಳಿದ್ಲಂತೆ!” ಎಂದು ಒಬ್ಬಳು ಮಗ್ಗುಲವಳ ಭುಜದ ಮೇಲೆ ಬಿದ್ದಳು. “ಆಳಿನ ಮಾತನ್ನ ಯಜಮಾನ ಯಾವತ್ತು ಕೇಳಿದಾನೆ!” ಎಂದ ಇನ್ನೊಬ್ಬ. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಲಾತಿರ್. ನಗು ನಿಲ್ಲಿಸಿದರೆ ಆ ಮಾತು ಅವನಿಗೆ ಕೇಳಿಬಿಡುತ್ತಿತ್ತು. ಅದಕ್ಕೇ ಅವನು ನಿಲ್ಲಿಸಲಿಲ್ಲ.

ತೆನಿಂಗ್ ನಗಲಿಲ್ಲ. ಕೂತಲ್ಲಿಂದಲೇ ಕೈಚಾಚಿ ಒಡಿಲ್‌ಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು.

“ಅವತ್ತು ನನ್ನ ಚಾಪೆ ಮೇಲೆ ಕೂತು ಅತ್ತೆಯಲ್ಲ ಮಗಳೇ,” ಎಂದಳು, ಬೇರೆ ಯಾರಿಗೂ ಕೇಳದಂತೆ. “ಅದು ನಿಜವಾದ ಅಳುವಾ?”

“ಹೌದಮ್ಮ.”

“ನಂಗೆ ಗೊತ್ತಾಗಿತ್ತು,” ಎಂದಳು ತೆನಿಂಗ್. “ಒಂದು ಗಳಿಗೆ ನಂಗೆ ಗೊತ್ತಾಗಿತ್ತು. ಆಮೇಲೆ ಎಲ್ಲರೂ ನಕ್ರು, ನಾನೂ ನಕ್ಕೆ.”

ಅಂಗಳದಲ್ಲಿ ಇನ್ನೂ ನಗುತ್ತಿದ್ದರು.